ಮಾವನ ಸರ್ಕಾರವನ್ನೇ ಲೆಕ್ಕ ಕೇಳಿದ ಅಳಿಯ: ಫಿರೋಜ್ ಗಾಂಧಿ



ಬೆಳ್ಳಿ ಹಬ್ಬದ ಸಂಚಿಕೆ ಎಂದ ಮೇಲೆ ಸಂಘ ಕಟ್ಟಿದ ಹಿರಿಯರ ಸ್ಮರಣೆ, ಠೇವಣಿ-ಸಾಲಗಳ ಅಂಕಿ ಅಂಶ, ಗಣ್ಯರ ಶುಭ ಸಂದೇಶ ಎಲ್ಲ ಇರಬೇಕಾದದ್ದೇ. ಇವುಗಳ ನಡುವೆ, ಇನ್ನೊಬ್ಬರ ದುಡ್ಡಿಗೆ ಕಾವಲು ನಿಂತ ಒಬ್ಬ ರಾಜಕಾರಣಿಯ ಜೀವನವನ್ನೂ ಓದುವುದು ನಮಗೆಲ್ಲ ಹಿತ. ಫಿರೋಜ್ ಗಾಂಧಿ ಅಂದರೆ ಇಂದಿರಾ ಗಾಂಧಿಯವರ ಯಜಮಾನರು ಎಂಬಷ್ಟು ಮಾತ್ರ ಹೆಚ್ಚಿನ ಜನಕ್ಕೆ ಗೊತ್ತು. ಅವರು ಮಾಡಿದ ಕೆಲಸ ಗೊತ್ತಿರುವವರು ಕಡಿಮೆ.

ಫಿರೋಜರು ಹುಟ್ಟಿದ್ದು 1912ರ ಸೆಪ್ಟೆಂಬರ್ 12ರಂದು, ಮುಂಬಯಿಯ ಒಂದು ಪಾರ್ಸಿ ಮನೆತನದಲ್ಲಿ. ತಂದೆ ಹಡಗಿನ ಇಂಜಿನಿಯರ್. ಬೆಳೆದದ್ದು ಅಲಹಾಬಾದಿನಲ್ಲಿ, ಡಾಕ್ಟರಾಗಿದ್ದ ಸಂಬಂಧಿಯೊಬ್ಬರ ಆಸರೆಯಲ್ಲಿ. ಅಲ್ಲಿ ಕಾಲೇಜು ಓದುತ್ತಿದ್ದಾಗ 1930ರ ಚಳವಳಿ ಬಂತು. ಕಾಲೇಜಿನ ಮುಂದೆ ಪಿಕೆಟಿಂಗ್ ಮಾಡುತ್ತಿದ್ದ ಕಮಲಾ ನೆಹರೂ ಬಿಸಿಲಿಗೆ ತಲೆ ತಿರುಗಿ ಬಿದ್ದರು. ಉಪಚರಿಸಲು ಹೋದ ಹುಡುಗ ಕಾಲೇಜು ಬಿಟ್ಟು ಚಳವಳಿಗೆ ಧುಮುಕಿದ. ಅದೇ ವರ್ಷ ಫೈಜಾಬಾದ್ ಜೈಲು ಸೇರಿದಾಗ ಅಲ್ಲಿ ಜೊತೆಗಿದ್ದವರು ಲಾಲ್ ಬಹಾದೂರ್ ಶಾಸ್ತ್ರಿಗಳು. ಆಮೇಲೆ ರೈತರ ಕರನಿರಾಕರಣೆ ಹೋರಾಟ, ಮತ್ತೆ ಜೈಲು. 1942ರ ಮಾರ್ಚಿನಲ್ಲಿ ಇಂದಿರಾ ಅವರೊಂದಿಗೆ ಮದುವೆ. ಅದೇ ವರ್ಷ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಗಂಡ ಹೆಂಡತಿ ಇಬ್ಬರೂ ಸೆರೆಮನೆಗೆ.

ಸ್ವಾತಂತ್ರ್ಯದ ಹೊತ್ತಿಗೆ ಲಕ್ನೋದಲ್ಲಿ ನ್ಯಾಷನಲ್ ಹೆರಾಲ್ಡ್ ಪತ್ರಿಕೆಯ ವ್ಯವಸ್ಥಾಪಕ ನಿರ್ದೇಶಕರಾಗಿದ್ದರು. 1952ರ ಮೊದಲ ಚುನಾವಣೆಯಲ್ಲಿ ರಾಯಬರೇಲಿ ಕಡೆಯಿಂದ ಲೋಕಸಭೆಗೆ ಗೆದ್ದರು. ಮಾವ ದೇಶದ ಪ್ರಧಾನಿ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಒಂದಲ್ಲ ಒಂದು ದಿನ ಮಂತ್ರಿಗಿರಿ ತಾನಾಗೇ ಮನೆ ಬಾಗಿಲಿಗೆ ಬರುತ್ತಿತ್ತು. ಮೊದಲ ಕೆಲವು ವರ್ಷ ಹೆಚ್ಚು ಮಾತಾಡಲೂ ಇಲ್ಲ. ಆದರೆ ಆ ಕಾಲದಲ್ಲಿ ಹಣಕಾಸು ಸಂಸ್ಥೆಗಳ ಸ್ಥಿತಿ ಹೇಗಿತ್ತು ಅಂತ ಸ್ವಲ್ಪ ನೋಡಬೇಕು. 1947ರಿಂದ 1955ರೊಳಗೆ ನಮ್ಮ ದೇಶದಲ್ಲಿ 361 ಬ್ಯಾಂಕುಗಳು ಮುಳುಗಿದವು. ಜೀವ ವಿಮೆಯಲ್ಲಿ ಹತ್ತು ವರ್ಷಕ್ಕೆ 25 ಕಂಪನಿಗಳು ದಿವಾಳಿಯಾದವು, ಇನ್ನೂ 25 ಕಂಪನಿಗಳು ಇದ್ದಬದ್ದದ್ದನ್ನೆಲ್ಲ ಕರಗಿಸಿಕೊಂಡು ಬೇರೆಯವರ ಮಡಿಲಿಗೆ ಬಿದ್ದವು. ಹಲವು ಕಡೆ ಕಾರಣ ಒಂದೇ. ಒಬ್ಬನೇ ಧಣಿ ಬ್ಯಾಂಕನ್ನೂ ವಿಮಾ ಕಂಪನಿಯನ್ನೂ ಗಿರಣಿಯನ್ನೂ ಕೈಯಲ್ಲಿ ಇಟ್ಟುಕೊಂಡಿರುತ್ತಿದ್ದ. ಜನ ಕಟ್ಟಿದ ಕಂತಿನ ದುಡ್ಡು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಶೇರುಪೇಟೆಗೆ ಹರಿಯುತ್ತಿತ್ತು. ಇಂಥ ಧಣಿಗಳಿಗೂ ಅಧಿಕಾರದಲ್ಲಿದ್ದವರಿಗೂ ಒಳ್ಳೆಯ ನಂಟಿತ್ತು. ಹಾಗಾಗಿ ಪ್ರಶ್ನೆ ಕೇಳುವವರು ಇರಲಿಲ್ಲ.

1955ರ ಡಿಸೆಂಬರ್ 6ರಂದು ಫಿರೋಜರು ಲೋಕಸಭೆಯಲ್ಲಿ ಎದ್ದು ನಿಂತರು. ರಾಮಕೃಷ್ಣ ದಾಲ್ಮಿಯಾ ಅವರ ಭಾರತ್ ಇನ್ಶೂರೆನ್ಸ್ ಕಂಪನಿಯ ಹಣ ಎಲ್ಲೆಲ್ಲಿ ಹೋಯಿತು ಅಂತ ದಾಖಲೆ ಸಮೇತ ಬಿಚ್ಚಿಟ್ಟರು. ದಾಲ್ಮಿಯಾ ಆ ಕಾಲದ ದೊಡ್ಡ ಕುಳ. ಅವರ ಭಾರತ್ ಬ್ಯಾಂಕಿನ ವ್ಯವಹಾರವನ್ನು 1951ರಲ್ಲೇ ಪಂಜಾಬ್ ನ್ಯಾಷನಲ್ ಬ್ಯಾಂಕ್ ವಹಿಸಿಕೊಂಡಿತ್ತು. ಸುಮಾರು 2 ಕೋಟಿ 20 ಲಕ್ಷ ರೂಪಾಯಿ ವಿಮಾದಾರರ ಹಣ ಶೇರು ಸಟ್ಟಾದ ನಷ್ಟ ತುಂಬಲು ಹೋಗಿತ್ತು. ದಾಲ್ಮಿಯಾ ಮೇಲೆ ಮೊಕದ್ದಮೆ ನಡೆದು ಎರಡು ವರ್ಷ ಸಜೆ ಆಯಿತು. 1962ರಲ್ಲಿ ಸುಪ್ರೀಂ ಕೋರ್ಟು ಕೂಡ ಅಪರಾಧವನ್ನು ಎತ್ತಿ ಹಿಡಿಯಿತು. ಆ ಭಾಷಣವಾಗಿ ಎರಡು ತಿಂಗಳು ತುಂಬುವ ಮೊದಲೇ, 1956ರ ಜನವರಿ 19ರಂದು, ಸರ್ಕಾರ ಸುಗ್ರೀವಾಜ್ಞೆ ತಂದು ಜೀವ ವಿಮೆಯನ್ನು ರಾಷ್ಟ್ರೀಕರಣ ಮಾಡಿತು. 245 ಸಂಸ್ಥೆಗಳನ್ನು ಒಟ್ಟುಗೂಡಿಸಿ ಸೆಪ್ಟೆಂಬರ್ 1ರಂದು ಭಾರತೀಯ ಜೀವ ವಿಮಾ ನಿಗಮ ಹುಟ್ಟಿತು. ನಮ್ಮ ಹಳ್ಳಿಗಳಲ್ಲಿ ಎಲ್.ಐ.ಸಿ. ಪಾಲಿಸಿ ಮಾಡಿಸಿದ ಪ್ರತಿಯೊಬ್ಬರೂ ಆ ಭಾಷಣಕ್ಕೆ ಅಷ್ಟಿಷ್ಟು ಋಣಿಗಳು.

ಪರರ ಧಣಿಗಳನ್ನು ಕೇಳುವುದು ಸುಲಭ, ನಮ್ಮವರನ್ನು ಕೇಳುವುದು ಕಷ್ಟ. ಫಿರೋಜರ ದೊಡ್ಡತನ ಕಾಣುವುದು ಇನ್ನು ಮುಂದೆ. ತಾವೇ ಹಟ ಹಿಡಿದು ತರಿಸಿದ ಆ ನಿಗಮಕ್ಕೆ ವರ್ಷ ತುಂಬುವುದರೊಳಗೇ ಒಳಗಿನಿಂದ ಹುಳ ಹಿಡಿಯಿತು. 1957ರ ಜೂನ್ ತಿಂಗಳಲ್ಲಿ ಎಲ್.ಐ.ಸಿ.ಯವರು ಹರಿದಾಸ್ ಮುಂಧ್ರಾ ಎಂಬ ಕಲ್ಕತ್ತೆಯ ವ್ಯಾಪಾರಿಯ ಹಿಡಿತದಲ್ಲಿದ್ದ ಆರು ಕಂಪನಿಗಳ ಶೇರನ್ನು ಸುಮಾರು 1 ಕೋಟಿ 24 ಲಕ್ಷ ರೂಪಾಯಿಗೆ ಕೊಂಡರು. ಆ ಮನುಷ್ಯ ಸಾಲದಲ್ಲಿ ಮುಳುಗಿದ್ದ. ಹೂಡಿಕೆ ಮಾಡುವ ಮೊದಲು ಕೇಳಬೇಕಿದ್ದ ಸಮಿತಿಯನ್ನೇ ಕೇಳಿರಲಿಲ್ಲ. ಮೇಲಿನಿಂದ ಸೂಚನೆ ಬಂತು, ಚೆಕ್ಕು ಹೋಯಿತು, ಅಷ್ಟೆ.

ಡಿಸೆಂಬರ್ 16ರಂದು ಫಿರೋಜರು ಸದನದಲ್ಲಿ ಈ ಗಂಟನ್ನು ಬಿಚ್ಚಿದರು. ಕೂತಿದ್ದದ್ದು ಆಡಳಿತ ಪಕ್ಷದ ಬೆಂಚಿನಲ್ಲಿ. ಎದುರಿಗೆ ಉತ್ತರ ಕೊಡಬೇಕಾಗಿದ್ದವರು ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ, ನೆಹರೂ ಅವರಿಗೆ ಬಹಳ ಬೇಕಾದವರು. ಸರ್ಕಾರ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರನ್ನು ವಿಚಾರಣೆಗೆ ನೇಮಿಸಬೇಕಾಯಿತು. ಛಾಗ್ಲಾ ಅವರು ಮುಂಬಯಿಯಲ್ಲಿ ಬಹಿರಂಗವಾಗಿ ವಿಚಾರಣೆ ನಡೆಸಿದರು, ಸೇರಿದ ಜನರಿಗೆ ಕೇಳಿಸಲೆಂದು ಧ್ವನಿವರ್ಧಕ ಕಟ್ಟಿಸಿದ್ದರಂತೆ. ಕೆಲವೇ ವಾರಗಳಲ್ಲಿ ವರದಿ ಬಂತು. ಕಾರ್ಯದರ್ಶಿ ಮಾಡಿದ ಕೆಲಸಕ್ಕೆ ಮಂತ್ರಿಯೇ ಹೊಣೆ, ನನಗೆ ತಿಳಿಯದು ಎಂದು ಜಾರಿಕೊಳ್ಳುವ ಹಾಗಿಲ್ಲ ಎಂಬುದು ಅದರ ಸಾರ. 1958ರ ಫೆಬ್ರವರಿಯಲ್ಲಿ ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಮುಂಧ್ರಾ ಜೈಲಿಗೆ ಹೋದರು. ಆದರೆ ಅದೇ ಕೃಷ್ಣಮಾಚಾರಿ 1962ರಲ್ಲಿ ಮತ್ತೆ ಮಂತ್ರಿಯಾದರು, 1963ರಲ್ಲಿ ಮತ್ತೆ ಹಣಕಾಸು ಖಾತೆಯೇ ಅವರ ಕೈಗೆ ಬಂತು. ರಾಜಕೀಯದ ನೆನಪು ಎಷ್ಟು ಗಿಡ್ಡ ನೋಡಿ!

ಫಿರೋಜರು ಜಾತಿ ಬಂಧುಗಳನ್ನೂ ಬಿಟ್ಟವರಲ್ಲ. ಟಾಟಾ ಕಂಪನಿಯವರು ರೈಲು ಇಂಜಿನ್ನಿಗೆ ಜಪಾನಿನವರಿಗಿಂತ ಹೆಚ್ಚುಕಡಿಮೆ ಇಮ್ಮಡಿ ಬೆಲೆ ಹಾಕುತ್ತಾರೆಂದು ಆ ಕಂಪನಿಯನ್ನೂ ರಾಷ್ಟ್ರೀಕರಿಸಿ ಎಂದರು. ಟಾಟಾ ಅವರೂ ಪಾರ್ಸಿಗಳೇ. ಇನ್ನೊಂದು ಕೆಲಸ, ಸದನದಲ್ಲಿ ಆಡಿದ್ದನ್ನು ಪತ್ರಿಕೆಗಳು ನಿರ್ಭಯವಾಗಿ ಅಚ್ಚು ಹಾಕಲಿ ಎಂದು ಖಾಸಗಿ ಮಸೂದೆ ತಂದು 1956ರಲ್ಲಿ ಕಾನೂನು ಮಾಡಿಸಿದ್ದು. ತುರ್ತು ಪರಿಸ್ಥಿತಿಯಲ್ಲಿ ಆ ಕಾನೂನನ್ನು ರದ್ದು ಮಾಡಿದ್ದು ಅವರ ಹೆಂಡತಿಯ ಸರ್ಕಾರವೇ. 1977ರಲ್ಲಿ ಜನತಾ ಸರ್ಕಾರ ಮತ್ತೆ ತಂದಿತು.

ಇದಕ್ಕೆಲ್ಲ ಅವರು ತೆತ್ತ ಬೆಲೆ ಸಣ್ಣದಲ್ಲ. ಪ್ರಧಾನಿಯ ತೀನ್ ಮೂರ್ತಿ ಭವನ ಬಿಟ್ಟು ಸಂಸದರಿಗೆ ಕೊಡುವ ಮನೆಯಲ್ಲಿ ಬೇರೆಯಾಗಿ ಇರುತ್ತಿದ್ದರು. ಮಾವ-ಅಳಿಯಂದಿರ ನಡುವೆ ಮುನಿಸು ಬೆಳೆಯಿತು. ಮಂತ್ರಿ ಪದವಿ ಕೊನೆಗೂ ಬರಲಿಲ್ಲ. ಒಮ್ಮೆ ಹೃದಯಾಘಾತವಾಗಿ ಚೇತರಿಸಿಕೊಂಡಿದ್ದರು. 1960ರ ಸೆಪ್ಟೆಂಬರ್ 8ರಂದು ದಿಲ್ಲಿಯ ವೆಲಿಂಗ್ಡನ್ ಆಸ್ಪತ್ರೆಯಲ್ಲಿ ತೀರಿಕೊಂಡರು. ನಲವತ್ತೆಂಟು ತುಂಬಲು ನಾಲ್ಕು ದಿನ ಬಾಕಿ ಇತ್ತು.

ಅವರು ಸಾಯುವ ಒಂದು ತಿಂಗಳ ಮುಂಚೆ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಚ್ಚಿತು. ಸಾವಿರಾರು ಬಡವರು ಕಂಗಾಲಾದರು. ಅದರ ಫಲವಾಗಿ 1962ರ ಜನವರಿ 1ರಿಂದ ಬ್ಯಾಂಕ್ ಠೇವಣಿಗೆ ವಿಮೆ ಬಂತು. ಆಗ 1,500 ರೂಪಾಯಿ ತನಕ ಇದ್ದದ್ದು 2020ರಲ್ಲಿ 5 ಲಕ್ಷ ಆಯಿತು. ಸಹಕಾರಿ ಬ್ಯಾಂಕುಗಳಿಗೂ ಅದು ಅನ್ವಯಿಸುತ್ತದೆ. ಆದರೆ ಬಂಧುಗಳೆ, ಒಂದು ಮಾತನ್ನು ಎಲ್ಲ ಸದಸ್ಯರೂ ತಿಳಿದಿರಬೇಕು. ನಮ್ಮಂಥ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಅಡಿಕೆ ಮಾರಿದ ದುಡ್ಡು, ಹಾಲು ಮಾರಿದ ದುಡ್ಡು, ಮಗಳ ಮದುವೆಗೆಂದು ಇಟ್ಟ ದುಡ್ಡು, ಇದಕ್ಕೆಲ್ಲ ಇರುವ ವಿಮೆ ಆಡಳಿತ ಮಂಡಳಿಯ ಪ್ರಾಮಾಣಿಕತೆ ಮತ್ತು ಸದಸ್ಯರ ಎಚ್ಚರ, ಇವೆರಡೇ.

ಮುಂಧ್ರಾ ಪ್ರಕರಣದಲ್ಲಿ ನಡೆದದ್ದು ಯಾವ ಸಂಘದಲ್ಲಾದರೂ ನಡೆಯಬಹುದು. ಫೋನಿನಲ್ಲಿ ಶಿಫಾರಸು ಬರುತ್ತದೆ, ಸಾಲ ಸಮಿತಿ ಕೂರುವ ಮೊದಲೇ ಹಣ ಹೋಗುತ್ತದೆ, ನಡಾವಳಿ ಪುಸ್ತಕ ಆಮೇಲೆ ಬರೆಯುತ್ತಾರೆ. ಆಗ ತಡೆಯಬೇಕಾದವನು ಹೊರಗಿನ ವಿರೋಧಿಯಲ್ಲ, ಒಳಗಿನ ನಮ್ಮವನೇ. ಅಧ್ಯಕ್ಷರು ನೆಂಟರಾಗಿರಬಹುದು, ನಮ್ಮ ಪಾರ್ಟಿಯವರೇ ಆಗಿರಬಹುದು. ಸರ್ವಸದಸ್ಯರ ಸಭೆಯಲ್ಲಿ ಊಟದ ಎಲೆ ಹಾಕುವ ಮುಂಚೆ ಎದ್ದು ನಿಂತು ಆಡಿಟ್ ವರದಿಯ ಲೆಕ್ಕ ಕೇಳುವ ಒಬ್ಬ ಸದಸ್ಯ ಇದ್ದರೆ ಸಾಕು, ಸಂಘ ಉಳಿಯುತ್ತದೆ. ಅವನನ್ನು ತಲೆಹರಟೆ ಅಂತ ಕೂರಿಸಬೇಡಿ. ಅಂಥವರ ಬಲದಿಂದಲೇ ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇನೆ.