ಸರ್ ಜಾನ್ ಸೈಮನ್ಸೆನ್: ರಾಳದ ರಹಸ್ಯವನ್ನರಿತ ರಸಾಯನಜ್ಞ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ಭರಣಿಯೊಳಗಿಟ್ಟ ಎಣ್ಣೆ ಕಾಲಕ್ರಮದಲ್ಲಿ ಕಮಟಾಗುವುದನ್ನು ಅರಿಯದ ಗೃಹಿಣಿಯರಿಲ್ಲ. ಗಾಳಿಯಲ್ಲಿನ ಆಮ್ಲಜನಕವು ಎಣ್ಣೆಯೊಡನೆ ಸಂಯೋಗಗೊಳ್ಳುವ ಉತ್ಕರ್ಷಣ ಕ್ರಿಯೆಯೇ ಇದಕ್ಕೆ ಬಹುಮಟ್ಟಿಗೆ ಕಾರಣ. ಈ ಕ್ರಿಯೆಯನ್ನೇ ಬೀಗದ ಕೈಯಾಗಿಸಿಕೊಂಡು ಭಾರತದ ವನಸಂಪತ್ತಿನ ಅಂತರಂಗವನ್ನು ತೆರೆದು ತೋರಿದವರು ಸರ್ ಜಾನ್ ಲಯೊನೆಲ್ ಸೈಮನ್ಸೆನ್.

1884ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿ ಜನಿಸಿದ ಇವರು, ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಪರ್ಕಿನ್ನರ ಬಳಿ ಸಾವಯವ ರಸಾಯನಶಾಸ್ತ್ರವನ್ನು ಅಭ್ಯಸಿಸಿ, 1910ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದರು. ನಮ್ಮ ಕರಾವಳಿಯೂ ಆಗ ಮದರಾಸು ಪ್ರಾಂತಕ್ಕೇ ಸೇರಿತ್ತು. ಈ ವಿಶಾಲ ದೇಶದಲ್ಲಿ ವಿಜ್ಞಾನಿಗಳು ಒಬ್ಬರನ್ನೊಬ್ಬರು ಕಾಣದೆ ಒಂಟಿಯಾಗಿ ದುಡಿಯುತ್ತಿದ್ದುದನ್ನು ಕಂಡು, ಲಖನೌದ ಮ್ಯಾಕ್‌ಮಹನ್ನರೊಡಗೂಡಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿಗೆ ನಾಂದಿ ಹಾಡಿದರು. ಅದರ ಪ್ರಥಮ ಅಧಿವೇಶನ 1914ರ ಜನವರಿಯಲ್ಲಿ ಕಲಕತ್ತೆಯಲ್ಲಿ ಆಶುತೋಷ ಮುಖರ್ಜಿಯವರ ಅಧ್ಯಕ್ಷತೆಯಲ್ಲಿ ಜರುಗಿತು. 1917ರಲ್ಲಿ ಅದು ಬೆಂಗಳೂರಿಗೂ ಬಂದಿತು.

1919ರಲ್ಲಿ ಸೈಮನ್ಸೆನ್ನರು ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಹಿಮಾಲಯದ ಪೈನ್ ಮರದ ರಾಳದಿಂದ ಇಳಿಸಿದ ಭಾರತೀಯ ಟರ್ಪೆಂಟೈನು ಗಾಳಿ ತಗುಲಿದೊಡನೆ ಅಂಟಾಗುತ್ತಿದ್ದುದರಿಂದ, ಪೇಟೆಯಲ್ಲಿ ಅದಕ್ಕೆ ಪರದೇಶದ ಸರಕಿನ ಗೌರವವಿರಲಿಲ್ಲ. ಆ ಕೊರತೆಯ ಮೂಲವನ್ನು ಅರಸಹೊರಟ ಇವರು, 10 ಇಂಗಾಲ ಮತ್ತು 16 ಜಲಜನಕ ಪರಮಾಣುಗಳುಳ್ಳ ಕರೀನ್ ಎಂಬ ದ್ರವ್ಯವನ್ನು ಅದರಲ್ಲಿ ಗುರುತಿಸಿದರು. ಉತ್ಕರ್ಷಣದಿಂದ ಅಣುವನ್ನು ಒಡೆದು, ದೊರೆತ ತುಣುಕುಗಳಿಂದ ಮೂಲರೂಪವನ್ನು ಊಹಿಸುವುದು ಅಂದಿನ ವಿಧಾನ. ಭಗ್ನಶಾಸನದ ಚೂರುಗಳನ್ನು ಜೋಡಿಸಿ ಪಾಠವನ್ನು ನಿರ್ಣಯಿಸುವ ಪಂಡಿತನ ಕಾರ್ಯಕ್ಕೆ ಇದು ಸಮಾನ. ಅದೇ ಟರ್ಪೆಂಟೈನಿನಲ್ಲಿ ಅವರು ಕಂಡ ಲಾಂಗಿಫೋಲೀನಿನ ರಚನೆ ಮಾತ್ರ ಬಹುಕಾಲ ಒಗಟಾಗಿಯೇ ಉಳಿದು, 1953ರಲ್ಲಿ ಕ್ಷಕಿರಣ ವಿಧಾನದಿಂದ ಬಿಡಿಸಲ್ಪಟ್ಟಿತು.

1925ರಿಂದ 1928ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. 1928ರ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷಪದವೂ ಅವರಿಗೆ ಸಂದಿತು. ಸ್ವದೇಶಕ್ಕೆ ಮರಳಿದ ಮೇಲೆ ಬ್ಯಾಂಗರಿನಲ್ಲಿ ಅಧ್ಯಾಪನ ನಡೆಸುತ್ತ, ಟರ್ಪೀನುಗಳನ್ನು ಕುರಿತ ಬೃಹದ್ಗ್ರಂಥವನ್ನು ರಚಿಸಿದರು. 1932ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1949ರಲ್ಲಿ ಸರ್ ಪದವಿ, 1950ರಲ್ಲಿ ಡೇವಿ ಪದಕ ದೊರೆತವು. 1957ರಲ್ಲಿ ದಿವಂಗತರಾದರು.

ಕರೀನ್ ಗಾಳಿಯಲ್ಲಿ ಕೆಡುವುದು ಮುಕ್ತ ರಾಡಿಕಲ್ಲುಗಳ ಸರಪಳಿ ಕ್ರಿಯೆಯಿಂದ ಎಂಬುದು ಈಗ ವಿದಿತವಾಗಿದೆ. ಒಂದು ರಾಡಿಕಲ್ ಆಮ್ಲಜನಕದೊಡನೆ ಕೂಡಿ, ನೆರೆಯ ಅಣುವಿನಿಂದ ಜಲಜನಕವನ್ನು ಸೆಳೆದು, ಮತ್ತೊಂದು ರಾಡಿಕಲ್ಲನ್ನು ಹುಟ್ಟಿಸುತ್ತದೆ. ಹೀಗೆ ಉಂಟಾಗುವ ಪೆರಾಕ್ಸೈಡುಗಳೇ ಟರ್ಪೆಂಟೈನು ಬಳಸುವ ಬಣ್ಣಗಾರರ ಕೈಗಳಲ್ಲಿ ಚರ್ಮರೋಗಕ್ಕೆ ಕಾರಣವೆಂಬುದು 1950ರ ದಶಕದಲ್ಲಿ ತಿಳಿದುಬಂದಿತು. ದ್ರವ್ಯವಾವುದೆಂದು ಮೊದಲು ತಿಳಿದಿದ್ದುದರಿಂದಲೇ ದೋಷದ ನೆಲೆಯೂ ದೊರೆಯಿತು.

ಕೀಳೆಂದು ಬದಿಗೊತ್ತಿದ ವಸ್ತುವನ್ನು ಆದರದಿಂದ ಪರೀಕ್ಷಿಸುವವನಿಗೇ ವಿದ್ಯೆ ಒಲಿಯುತ್ತದೆ. ನಮ್ಮ ಶಾಲೆಗಳ ಪ್ರಯೋಗಶಾಲೆಗಳು ಬಾಲಕಬಾಲಿಕೆಯರಿಗೆ ಈ ಆದರವನ್ನು ಕಲಿಸಿದಲ್ಲಿ, ಅವುಗಳಿಗಾಗಿ ವಿನಿಯೋಗಿಸಿದ ದಾನವೂ ಶ್ರಮವೂ ಸಾರ್ಥಕ.