ಡಾಕ್ಟರ್ ಯಲ್ಲಾಪ್ರಗಡ ಸುಬ್ಬರಾಯರು
ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ನಾಲ್ಕು ಮಾತ್ರೆ ತರಿಸಿ, ಎರಡನ್ನು ನುಂಗಿ, ಜ್ವರವಿಳಿದೊಡನೆ ಉಳಿದೆರಡನ್ನು ಗೂಡಿನಲ್ಲಿಟ್ಟು ಮರೆಯುವುದು ಕೊಳ್ಳೇಗಾಲ, ಹನೂರು, ಯಳಂದೂರುಗಳ ಗೃಹಸ್ಥರಿಗೆ ಹೊಸತೇನೂ ಅಲ್ಲ. ನಾವೂ ಈ ದೋಷದಿಂದ ಮುಕ್ತರೆಂದು ಹೇಳಿಕೊಳ್ಳಲಾರೆವು. ಅಂತಹ ಮಾತ್ರೆಗಳಲ್ಲಿ ಟೆಟ್ರಾಸೈಕ್ಲಿನ್ ಎಂಬ ಒಂದು ಕುಲವುಂಟು. ಅದರ ಮೊದಲನೆಯ ಔಷಧವು ಯಾರ ಮೇಲ್ವಿಚಾರಣೆಯಲ್ಲಿ ಹೊರಬಂದಿತೋ ಆ ಮಹನೀಯರು ಭಾರತೀಯರೆಂಬುದನ್ನು ಅರಿತವರು ವಿರಳವಾದ್ದರಿಂದ, ಅವರ ಚರಿತ್ರೆಯನ್ನು ಸಂಕ್ಷೇಪವಾಗಿ ವಾಚಕರ ಮುಂದಿಡುತ್ತಿದ್ದೇವೆ.

ಸುಬ್ಬರಾಯರು 1895ನೆಯ ಜನವರಿ 12ರಂದು ಗೋದಾವರಿ ಸೀಮೆಯ ಭೀಮವರದಲ್ಲಿ ಜನಿಸಿದರು. ಆ ಊರೂ ನಮ್ಮ ಕೊಳ್ಳೇಗಾಲವೂ ಆಗ ಒಂದೇ ಮದರಾಸು ಆಧಿಪತ್ಯಕ್ಕೆ ಸೇರಿದ್ದುವು. ಯಳಂದೂರಿನವರು ಮೈಸೂರಿನತ್ತ ನೋಡಿದರೆ, 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲದವರು ಮದರಾಸಿನತ್ತ ನೋಡಬೇಕಾಗಿದ್ದಿತು. ಆ ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದಾಗ ಸುಬ್ಬರಾಯರು ಗಾಂಧೀಜಿಯವರ ಕರೆಗೆ ಓಗೊಟ್ಟು ಶಸ್ತ್ರಚಿಕಿತ್ಸೆಯ ಶಾಲೆಗೂ ಖಾದಿಯನ್ನೇ ಧರಿಸಿ ಹೋದರು. ಆಂಗ್ಲ ಪ್ರಾಧ್ಯಾಪಕರ ಅಸಮಾಧಾನದ ಫಲವಾಗಿ ಎಂ.ಬಿ.ಬಿ.ಎಸ್. ಪದವಿ ತಪ್ಪಿ ಕೆಳದರ್ಜೆಯ ಎಲ್.ಎಂ.ಎಸ್. ಮಾತ್ರ ದೊರೆಯಿತು, ಸರಕಾರೀ ವೈದ್ಯಹುದ್ದೆಯೂ ಕೈಗೂಡಲಿಲ್ಲ. ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸುತ್ತ ಕಾಲ ಕಳೆದರು. ಇಬ್ಬರು ಸೋದರರು ಸ್ಪ್ರೂ ಎಂಬ ಕರುಳಿನ ವ್ಯಾಧಿಗೆ ಕೆಲವೇ ದಿನಗಳ ಅಂತರದಲ್ಲಿ ಬಲಿಯಾದುದು ಅವರ ಮನಸ್ಸನ್ನು ಸಂಶೋಧನೆಯ ಕಡೆಗೆ ತಿರುಗಿಸಿತು.

1922ರ ಅಕ್ಟೋಬರಿನಲ್ಲಿ ಬೋಸ್ಟನ್ ನಗರವನ್ನು ಸೇರಿದ ಅವರು ಹಗಲು ಹಾರ್ವರ್ಡಿನಲ್ಲಿ ಕಲಿತು, ರಾತ್ರಿ ಆಸ್ಪತ್ರೆಯೊಂದರಲ್ಲಿ ಆಳಿನ ಕೆಲಸ ಮಾಡಿ ಹೊಟ್ಟೆಹೊರೆದರು. ರಕ್ತದಲ್ಲಿನ ರಂಜಕವನ್ನು ಅಳೆಯಲು ಫಿಸ್ಕ್ ಎಂಬವರೊಡನೆ ಅವರು 1925ರಲ್ಲಿ ಪ್ರಕಟಿಸಿದ ವಿಧಾನವು ಇಂದಿಗೂ ಇಬ್ಬರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಆದರೂ ಹಾರ್ವರ್ಡ್ ಅವರಿಗೆ ಸ್ಥಿರವಾದ ಹುದ್ದೆಯನ್ನು ಕೊಡಲಿಲ್ಲ. 1940ರಲ್ಲಿ ಲೆಡರ್ಲೆ ಔಷಧಸಂಸ್ಥೆಯನ್ನು ಸೇರಿ ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾದರು. ಸ್ಪ್ರೂ ರೋಗಿಗಳ ರಕ್ತಹೀನತೆಗೆ ಒದಗುವ ಫೋಲಿಕ್ ಆಮ್ಲವೂ, ಆನೆಕಾಲು ರೋಗದ ಮದ್ದೂ ಅವರ ಅಧೀನದ ಶಾಲೆಯಿಂದಲೇ ಹೊರಟುವು.

ಎಪ್ಪತ್ತು ದಾಟಿದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಡಗ್ಗರ್ ಎಂಬವರು ಅದೇ ಶಾಲೆಯಲ್ಲಿ ಊರೂರಿನ ಮಣ್ಣನ್ನು ತರಿಸಿ ಶೋಧಿಸುತ್ತಿದ್ದರು. ಮಿಸೌರಿ ಪ್ರಾಂತದ ಹೊಲವೊಂದರ ಮಣ್ಣಿನಲ್ಲಿ ಹೊಂಬಣ್ಣದ ಒಂದು ಸೂಕ್ಷ್ಮಜೀವಿ ದೊರೆಯಿತು. ಅದರಿಂದ ಪಡೆದ ಔಷಧವೇ ಆರಿಯೋಮೈಸಿನ್. ಪ್ರತಿ ಜೀವಕೋಶದಲ್ಲಿಯೂ ಪ್ರೋಟೀನನ್ನು ಹೆಣೆಯುವ ಕಾರ್ಖಾನೆಗಳುಂಟಷ್ಟೆ. ಈ ಔಷಧವು ರೋಗಾಣುವಿನೊಳಗೆ ನುಗ್ಗಿ ಅಂತಹ ಕಾರ್ಖಾನೆಯಲ್ಲಿ ಹೊಸ ಸಾಮಗ್ರಿ ಬಂದಿಳಿಯುವ ಸ್ಥಳದಲ್ಲಿಯೇ ಕುಳಿತುಬಿಡುತ್ತದೆ. ಹೆಣಿಗೆ ನಿಂತು ರೋಗಾಣುವಿನ ಬೆಳವಣಿಗೆಯೂ ನಿಲ್ಲುತ್ತದೆ. ಮಿಕ್ಕ ಕೆಲಸವನ್ನು ದೇಹವೇ ಪೂರೈಸುತ್ತದೆ. ನಮ್ಮ ಕೋಶಗಳ ಕಾರ್ಖಾನೆಯ ರಚನೆ ಬೇರೆಯಾದ್ದರಿಂದ ನಮಗೆ ಬಾಧೆ ಕಡಮೆ.

ಆರಿಯೋಮೈಸಿನ್ನಿನ ವಿಚಾರವು 1948ರ ಜುಲೈನಲ್ಲಿ ವಿದ್ವತ್ಸಭೆಯ ಮುಂದೆ ಬಂದಿತು. ಆಗಸ್ಟ್ ತಿಂಗಳಲ್ಲಿ ಸುಬ್ಬರಾಯರು 53ನೆಯ ವಯಸ್ಸಿನಲ್ಲಿ ನಿದ್ರೆಯಲ್ಲಿಯೇ ಗತಿಸಿದರು. ತಮ್ಮ ಸಹಾಯಕರ ಹೆಸರನ್ನು ಮುಂದುಮಾಡಿ ತಾವು ಹಿಂದೆ ಸರಿಯುತ್ತಿದ್ದುದರಿಂದ ಕೀರ್ತಿ ಅವರ ಪಾಲಿಗೆ ಬರಲಿಲ್ಲ. ಭಾರತ ಸರಕಾರವು ಅವರ ಭಾವಚಿತ್ರದ ಅಂಚೆಚೀಟಿಯನ್ನು ಹೊರಡಿಸಿದ್ದು 1995ರಲ್ಲಿ, ಜನ್ಮಶತಾಬ್ದಿಗೆ.

ಹತ್ತು ವರ್ಷ ತುಂಬುವುದರೊಳಗಾಗಿ ರೋಗಾಣುಗಳು ತಿರುಗಿಬಿದ್ದುವು. ಜಪಾನಿನ ಆಮಶಂಕೆಯ ರೋಗಾಣುಗಳು 1950ರ ದಶಕದಲ್ಲಿಯೇ ಟೆಟ್ರಾಸೈಕ್ಲಿನ್ ಸೇರಿ ನಾಲ್ಕು ಔಷಧಗಳನ್ನು ಒಟ್ಟಿಗೆ ಎದುರಿಸಿದುವು. ಕೆಲವು ರೋಗಾಣುಗಳು ತಮ್ಮ ಹೊರಪೊರೆಯಲ್ಲಿ ಪಂಪಿನಂತಹ ಸಾಧನವನ್ನು ಕಟ್ಟಿಕೊಂಡು ಔಷಧವನ್ನು ಒಳಬಂದಂತೆ ಹೊರಕ್ಕೆ ನೂಕುತ್ತವೆ. ಬೇರೆ ಕೆಲವು ಕಾರ್ಖಾನೆಯಲ್ಲಿ ಕುಳಿತ ಔಷಧವನ್ನೇ ಎಬ್ಬಿಸಿ ಕಳುಹುತ್ತವೆ. ಲಕ್ಷಾಂತರದಲ್ಲಿ ಒಂದಕ್ಕೆ ಈ ಶಕ್ತಿ ಮೊದಲೇ ಇದ್ದೀತು. ಔಷಧವು ಉಳಿದವನ್ನು ಅಳಿಸಿದ ಮೇಲೆ ಆ ಒಂದರ ಸಂತತಿಯೇ ಹಬ್ಬುತ್ತದೆ. ಸಾಲದುದಕ್ಕೆ, ಈ ವಿದ್ಯೆಯನ್ನು ಬರೆದಿಟ್ಟ ಸಣ್ಣ ಉಂಗುರದಂತಹ ವಂಶದ್ರವ್ಯವನ್ನು ಒಂದು ರೋಗಾಣು ಬೇರೆ ಜಾತಿಯ ರೋಗಾಣುವಿಗೂ ದಾನಮಾಡಬಲ್ಲುದು.

ಆರಿಯೋಮೈಸಿನ್ ತೆಗೆದ ಚರಟವನ್ನು ತಿನ್ನಿಸಿದರೆ ಕೋಳಿಮರಿಗಳು ಬೇಗ ಬಲಿಯುತ್ತವೆಂದು ಅದೇ ಲೆಡರ್ಲೆಯವರು ಕಂಡುಕೊಂಡುದು ದೊಡ್ಡ ಅನರ್ಥಕ್ಕೆ ದಾರಿಯಾಯಿತೆಂದು ನಮ್ಮ ಅಭಿಪ್ರಾಯ. ರೋಗವಿಲ್ಲದ ಪಶುಪಕ್ಷಿಗಳಿಗೆ ದಿನವೂ ಔಷಧವನ್ನುಣಿಸುವ ಪದ್ಧತಿ ಲೋಕದಲ್ಲೆಲ್ಲ ಹರಡಿತು. ನಮ್ಮ ದೇಶದಲ್ಲಿ ಕೊಲಿಸ್ಟಿನ್ ಎಂಬ ಬೇರೊಂದು ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಕೂಡದೆಂದು ಸರಕಾರವು 2019ರಲ್ಲಿ ನಿಷೇಧಿಸಬೇಕಾಯಿತು.

ರೇಷ್ಮೆಹುಳು ಸಾಕುವ ನಮ್ಮ ಸೀಮೆಯ ರೈತರಿಗೆ ಸಪ್ಪೆರೋಗ ಬೇರೆ, ಹಾಲುತೊಂಡೆ ಬೇರೆಯೆಂಬುದು ಗೊತ್ತು. ಮೊದಲನೆಯದರಲ್ಲಿ ಬ್ಯಾಕ್ಟೀರಿಯಾಗಳ ಕೈವಾಡವುಂಟು. ಎರಡನೆಯದು ವೈರಸ್ಸಿನಿಂದ ಬರುವುದು, ಅದಕ್ಕೆ ಇಂತಹ ಔಷಧ ನಾಟುವುದಿಲ್ಲ. ಮನುಷ್ಯರ ನೆಗಡಿಯೂ ವೈರಸ್ಸಿನದೇ. ಅದಕ್ಕೆಂದು ನುಂಗಿದ ಮಾತ್ರೆಯು ನೆಗಡಿಯನ್ನು ಮುಟ್ಟದೆ, ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಬಲಿಷ್ಠವಾದವನ್ನು ಆರಿಸಿ ಉಳಿಸುತ್ತದೆ.

ಸುಬ್ಬರಾಯರ ಶಾಲೆಯಲ್ಲಿ ಮೊದಲಾದ ಕುಲಕ್ಕೆ ಸೇರಿದ ಡಾಕ್ಸಿಸೈಕ್ಲಿನ್ ಇನ್ನೂ ಕೈಕೊಟ್ಟಿಲ್ಲ. ಪೊದೆ ಹುಲ್ಲುಗಳಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿಗಳು ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರಕ್ಕೆ, ಹನೂರಿನಂತಹ ಕಾಡಂಚಿನ ಸೀಮೆಯ ವೈದ್ಯರು ಮೊದಲು ಕೊಡಬೇಕಾದ ಮದ್ದು ಅದೇ ಆಗಿದೆ.