ರೈತರಿಗೆ ಹಣ್ಣಿನ ಗಿಡ ಕೊಟ್ಟ ಮರಿಗೌಡರು

ಬೆಂಗಳೂರಲ್ಲಿ ಲಾಲ್‌ಬಾಗ್ ಕಡೆಯಿಂದ ಡೇರಿ ಸರ್ಕಲ್‌ಗೆ ಹೋಗೋ ರಸ್ತೆಯನ್ನ ಗೂಗಲ್ ಮ್ಯಾಪ್ ಡಾ. ಎಂ. ಎಚ್. ಮರಿಗೌಡ ರಸ್ತೆ ಅಂತ ತೋರಿಸುತ್ತೆ. ಯಾರೋ ಹಳೇ ರಾಜಕಾರಣಿ ಇರಬೇಕು ಅಂದ್ಕೊಳ್ಳೋರೇ ಜಾಸ್ತಿ. ಅಲ್ಲ, ಇವರು ಸಸ್ಯಶಾಸ್ತ್ರ ಓದಿದವರು.

ಹುಟ್ಟಿದ್ದು 1916ರಲ್ಲಿ, ಕುರಿಗೆ ಫೇಮಸ್ ಆದ ಬನ್ನೂರಿನ ಕಡೆ. ಲಾಲ್‌ಬಾಗ್‌ನಲ್ಲಿ ಕೆಲಸಕ್ಕೆ ಸೇರಿ, ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ತರಬೇತಿ ಪಡೆದು, ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಮಾಡಿದರು. ಅಲ್ಲೇ ಸೆಟ್ಲ್ ಆಗಬಹುದಿತ್ತು. ವಾಪಸ್ ಬಂದು ಲಾಲ್‌ಬಾಗ್ ನೋಡ್ಕೊಂಡರು. ಕೃಂಬಿಗಲ್, ಜವರಾಯ ಇಬ್ಬರೂ ಕೂತಿದ್ದ ಕುರ್ಚಿ ಅದು. 1963ರಲ್ಲಿ ತೋಟಗಾರಿಕೆಗೆ ಬೇರೆ ಇಲಾಖೆಯೇ ಆದಾಗ ಮೊದಲ ನಿರ್ದೇಶಕರೂ ಇವರೇ.

ಅವರ ಮುಂದಿದ್ದ ಕಷ್ಟ ಏನು ಗೊತ್ತಾ? ನಮ್ಮ ಹಾಸನದ ಬೂವನಹಳ್ಳಿ ಕಡೆ ಆಲೂಗೆಡ್ಡೆ ಹಾಕಿದರೆ ಮೂರು ತಿಂಗಳಲ್ಲಿ ಬೆಳೆ ಕೈಗೆ ಬರುತ್ತೆ. ನಷ್ಟ ಆದರೂ ಮುಂದಿನ ಸಲ ಸರಿ ಮಾಡ್ಕೋಬಹುದು. ಮಾವು ಹಾಗಲ್ಲ. ಒಳ್ಳೇ ಹಣ್ಣು ತಿಂದು ಅದರ ಓಟೆ ನೆಟ್ಟರೆ ಬಹುತೇಕ ತಳಿಗಳಲ್ಲಿ ಅದೇ ಹಣ್ಣು ಬರಲ್ಲ. ಹುಳಿಯೋ ನಾರೋ ಅಂತ ಗೊತ್ತಾಗೋಕೆ ಏಳೆಂಟು ವರ್ಷ ಕಾಯಬೇಕು. ಕೋಡ್ ಬರೆದು ಎಂಟು ವರ್ಷ ಆದಮೇಲೆ ಎರರ್ ಬಂದ ಹಾಗೆ! ಅದಕ್ಕೇ ಕಸಿ ಗಿಡ ಬೇಕು. ಒಳ್ಳೇ ತಾಯಿ ಮರದ ಕಡ್ಡಿಯನ್ನ ನಾಟಿ ಸಸಿಗೆ ಸೇರಿಸಿದರೆ ತಾಯಿ ಮರದ್ದೇ ಹಣ್ಣು, ಅದೂ ನಾಲ್ಕೈದು ವರ್ಷಕ್ಕೆ. ಆದರೆ ಹಳ್ಳಿಯ ರೈತ ನಂಬಿ ತರೋ ಅಂಥ ಗಿಡ ಎಲ್ಲಿ ಸಿಗಬೇಕು?

ಮರಿಗೌಡರು ರಾಜ್ಯದ ಉದ್ದಗಲಕ್ಕೂ ಮುನ್ನೂರಕ್ಕೂ ಹೆಚ್ಚು ತೋಟಗಾರಿಕೆ ಫಾರಂ, ನರ್ಸರಿ ಮಾಡಿಸಿದರು. ತಾಯಿ ಮರ ಅಲ್ಲೇ, ಕಸಿ ಅಲ್ಲೇ, ರೈತರಿಗೆ ಗಿಡ ಕೊಡೋದೂ ಅಲ್ಲೇ. ನೀರಾವರಿ ಇಲ್ಲದ ಹೊಲಕ್ಕೆ ಮಾವು, ಸಪೋಟ, ಸೀಬೆ, ಗೇರು ಹಾಕಿ ಅಂತ ಹೇಳಿದರು. ಮಳೆ ಕೈಕೊಟ್ಟ ವರ್ಷ ರಾಗಿ ಒಣಗುತ್ತೆ, ಬೇರು ಆಳಕ್ಕೆ ಇಳಿಸಿದ ಮರ ತಡ್ಕೊಳ್ಳುತ್ತೆ, ಲೆಕ್ಕ ಇಷ್ಟೇ. ಲಾಲ್‌ಬಾಗ್ ವಿಸ್ತರಿಸಿದ್ದಕ್ಕಿಂತ ಇದೇ ಅವರ ದೊಡ್ಡ ಕೆಲಸ ಅಂತ ನನಗನ್ನಿಸುತ್ತೆ. ಲಾಲ್‌ಬಾಗ್ ಅವರಿಗಿಂತ ಮುಂಚೆನೂ ಚೆನ್ನಾಗಿತ್ತು.

ಹಣ್ಣು ಬೆಳೆದಮೇಲೆ ಮಾರೋದು ಇನ್ನೊಂದು ತಲೆನೋವು. ದಲ್ಲಾಳಿ ಹೇಳಿದ್ದೇ ರೇಟು. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರಿಗೆ ಒಂದು ಸಹಕಾರ ಸಂಘ ಶುರುವಾಯ್ತು, ಅದರ ಹಿಂದೆಯೂ ಇವರೇ ಇದ್ದರು. ಆ ಸಂಘವೇ ಮುಂದೆ ಬೆಳೆದು, ನಾವು ಬಾಳೆಹಣ್ಣು ತಗೊಳ್ಳೋ ಹಾಪ್‌ಕಾಮ್ಸ್ ಆಯ್ತು.